ಒಟಿಪಿ ಯಾರಿಗೂ ಹೇಳದಿದ್ದರೂ ದುಡ್ಡು ಹೋಗುವುದು ಹೇಗೆ? ನೆಟ್‌ವರ್ಕ್ ಒಳಗಿನ ಅಪಾಯ ಮತ್ತು ನಮ್ಮ ಕೈಲಿರುವ ರಕ್ಷಣೆ

"ಒಟಿಪಿ ಯಾರಿಗೂ ಹೇಳಿಲ್ಲಮ್ಮ. ಫೋನ್ ನನ್ನ ಕೈಯಲ್ಲೇ ಇತ್ತು. ಆದರೂ ದುಡ್ಡು ಹೋಯ್ತು." ಹೀಗೆ ಯಾರಾದರೂ ಹೇಳಿದರೆ ಕೇಳಿದವರು ಮೊದಲು ಅನುಮಾನ ಪಡುತ್ತಾರೆ. ಬ್ಯಾಂಕಿನಲ್ಲೂ ಅದೇ, ಮನೆಯಲ್ಲೂ ಅದೇ. "ನೆನಪು ಮಾಡಿಕೊಳ್ಳಿ, ಎಲ್ಲೋ ಹೇಳಿರುತ್ತೀರಿ" ಅನ್ನುತ್ತಾರೆ. ಎಷ್ಟೋ ಸಲ ಅವರು ನಿಜವಾಗಿಯೂ ಹೇಳಿರುವುದಿಲ್ಲ. ಒಟಿಪಿ ಅವರ ಕೈ ಸೇರುವ ಮೊದಲೇ ದಾರಿ ತಪ್ಪಿರುತ್ತದೆ, ಇಲ್ಲವೇ ಸೇರಿದ ಮೇಲೆ ಅವರಿಗೆ ಗೊತ್ತಾಗದ ಹಾಗೆ ಬೇರೆಯವರಿಗೆ ಹೋಗಿರುತ್ತದೆ.

ನಾನು ಕೆಲಸ ಮಾಡುವುದು ಔಟರ್ ರಿಂಗ್ ರೋಡ್‌ನ ಒಂದು ಆಫೀಸಿನಲ್ಲಿ, ಮೊಬೈಲ್ ನೆಟ್‌ವರ್ಕ್‌ನ ಸಿಗ್ನಲಿಂಗ್ ವಿಭಾಗದಲ್ಲಿ. ಬೇರೆ ನೆಟ್‌ವರ್ಕ್‌ಗಳಿಂದ ಬರುವ ಸಂದೇಶಗಳಲ್ಲಿ ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ತಡೆಯಬೇಕು ಅಂತ ನೋಡುವ ಫೈರ್‌ವಾಲ್‌ಗೆ ನಿಯಮ ಬರೆಯುತ್ತೇನೆ. ಬೀದಿಯಲ್ಲಿ, ನೆಂಟರ ಮದುವೆಯಲ್ಲಿ ಎಲ್ಲರೂ ಕೇಳುವುದು ಒಂದೇ: "ಅದೆಲ್ಲ ಇರಲಿ, ನಾವೇನು ಮಾಡಬೇಕು ಹೇಳು." ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ನೆಟ್‌ವರ್ಕ್ ಒಳಗಿನ ದೋಷವನ್ನು ನಿಮ್ಮ ಫೋನಿನಿಂದ ಸರಿ ಮಾಡಲು ಆಗುವುದಿಲ್ಲ. ಯಾವ ಆ್ಯಪ್ ಹಾಕಿಕೊಂಡರೂ ಆಗುವುದಿಲ್ಲ. ನಿಮ್ಮ ಕೈಲಿರುವ ಕೆಲಸ ಬೇರೆ. ಬ್ಯಾಂಕು, ಇಮೇಲು, ವಾಟ್ಸ್ಆ್ಯಪ್ ಎಲ್ಲವೂ ನಿಮ್ಮ ಫೋನ್ ನಂಬರ್ ಒಂದನ್ನೇ ನಂಬಿಕೊಂಡು ಕೂತಿವೆ. ಆ ಅವಲಂಬನೆಯನ್ನು ಒಂದೊಂದಾಗಿ ಬಿಡಿಸುವುದೇ ನೀವು ಮಾಡಬಹುದಾದ ರಕ್ಷಣೆ.

ನೆಟ್‌ವರ್ಕ್ ಯಾಕೆ ಎಲ್ಲರನ್ನೂ ನಂಬುತ್ತದೆ

ಅಪ್ಪ ದೂರವಾಣಿನಗರದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯಲ್ಲಿ ಸ್ಟ್ರೌಜರ್ ಅನ್ನುವ ಹಳೆಯ ಮಾದರಿಯ ಟೆಲಿಫೋನ್ ಎಕ್ಸ್‌ಚೇಂಜ್ ಜೋಡಿಸುತ್ತಿದ್ದವರು. 1948ರಲ್ಲಿ ಶುರುವಾದ ಕಾರ್ಖಾನೆ ಅದು. ಆ ಕಾಲದ ವ್ಯವಸ್ಥೆಯಲ್ಲಿ ಮಾತು ಹೋಗುವ ದಾರಿಯಲ್ಲೇ "ಈ ನಂಬರಿಗೆ ಜೋಡಿಸು", "ಈಗ ಲೈನ್ ಬಿಡು" ಅನ್ನುವ ಸೂಚನೆಯೂ ಹೋಗುತ್ತಿತ್ತು. ಅಮೆರಿಕದಲ್ಲಿ ಕೆಲವರು 2600 ಹರ್ಟ್ಸ್‌ನ ಶಬ್ದವನ್ನು ಫೋನಿನೊಳಗೆ ಊದಿ ದೂರದ ಕರೆಗಳನ್ನು ಪುಕ್ಕಟೆಯಾಗಿ ಮಾಡಿದ್ದು ಇದರಿಂದಲೇ. ಆಮೇಲೆ ಸೂಚನೆಗಳಿಗೇ ಬೇರೆ ದಾರಿ ಮಾಡಿದರು. ಅದೇ ಸಿಗ್ನಲಿಂಗ್ ಸಿಸ್ಟಮ್ ನಂಬರ್ 7. ನಮ್ಮ ಬಾಯಲ್ಲಿ ಎಸ್‌ಎಸ್7. ಅದು 1980ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಯಿತು. ಚಂದಾದಾರ ಈ ದಾರಿಯನ್ನು ಮುಟ್ಟುವಂತೆಯೇ ಇರಲಿಲ್ಲ. ಆ ಮಟ್ಟಿಗೆ ಅದು ಒಳ್ಳೆಯ ಕೆಲಸ.

ಆದರೆ ಆಗ ಒಂದೊಂದು ದೇಶಕ್ಕೆ ಒಂದೋ ಎರಡೋ ಟೆಲಿಫೋನ್ ಸಂಸ್ಥೆ ಇದ್ದವು. ಎಲ್ಲರೂ ಪರಿಚಯದವರೇ ಇರುವ ವಠಾರದಲ್ಲಿ ಬಾಗಿಲಿಗೆ ಅಗಳಿ ಹಾಕದೆ ಮಲಗುವಂತೆ, ಬಂದ ಸಂದೇಶ ಕಳಿಸಿದವರದ್ದೇ ಹೌದೋ ಅಲ್ಲವೋ ಅಂತ ನೋಡುವ ಏರ್ಪಾಡನ್ನೇ ಅದರಲ್ಲಿ ಇಡಲಿಲ್ಲ. ಈಗ ಲೋಕದಲ್ಲಿ ನೂರಾರು ಆಪರೇಟರ್‌ಗಳಿದ್ದಾರೆ. ಅವರಲ್ಲಿ ಕೆಲವರು ತಮ್ಮ ಸಿಗ್ನಲಿಂಗ್ ವಿಳಾಸಗಳನ್ನು ಬೇರೆ ಕಂಪನಿಗಳಿಗೆ ಬಾಡಿಗೆಗೆ ಕೊಡುತ್ತಿದ್ದರು. ಈ ವಿಳಾಸಕ್ಕೆ ಗ್ಲೋಬಲ್ ಟೈಟಲ್ ಅನ್ನುತ್ತಾರೆ. ಬಾಡಿಗೆಗೆ ಪಡೆದವರು ಅದನ್ನು ಯಾವುದಕ್ಕೆ ಬಳಸುತ್ತಾರೆ ಅಂತ ನೋಡುವವರು ಕಡಿಮೆ. ಬ್ರಿಟನ್ನಿನ ದೂರಸಂಪರ್ಕ ನಿಯಂತ್ರಕ ಆಫ್‌ಕಾಮ್ 2025ರ ಏಪ್ರಿಲ್‌ನಲ್ಲಿ ಇಂಥ ಬಾಡಿಗೆಯನ್ನೇ ನಿಷೇಧಿಸಿತು. ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ ಅಂತ ನನ್ನ ಅಭಿಪ್ರಾಯ.

ಈಗ ನಿಮ್ಮ ಫೋನಿನ ವಿಷಯ. ನೀವು ದೇವನಹಳ್ಳಿಯಲ್ಲಿ ವಿಮಾನ ಹತ್ತಿ ದುಬೈಯಲ್ಲಿ ಇಳಿದು ಫೋನ್ ಆನ್ ಮಾಡುತ್ತೀರಿ. ಅಲ್ಲಿನ ನೆಟ್‌ವರ್ಕ್ ನಿಮ್ಮ ಇಲ್ಲಿನ ಆಪರೇಟರ್‌ಗೆ "ನಿಮ್ಮ ಗ್ರಾಹಕರು ಈಗ ನನ್ನ ಹತ್ತಿರ ಇದ್ದಾರೆ" ಅಂತ ಸಂದೇಶ ಕಳಿಸುತ್ತದೆ. ಇದಕ್ಕೆ ಅಪ್‌ಡೇಟ್ ಲೊಕೇಶನ್ ಅಂತ ಹೆಸರು. ನಿಮ್ಮ ಆಪರೇಟರ್‌ನ ಎಚ್‌ಎಲ್‌ಆರ್ ಅನ್ನುವ ಡೇಟಾಬೇಸ್ ಅದನ್ನು ಬರೆದಿಟ್ಟುಕೊಳ್ಳುತ್ತದೆ. ಅಲ್ಲಿಂದ ಮುಂದೆ ನಿಮಗೆ ಬರುವ ಎಸ್‌ಎಂಎಸ್ ಎಲ್ಲ ದುಬೈಗೆ ಹೋಗುತ್ತದೆ. ಇದು ರೋಮಿಂಗ್‌ನ ಸಹಜ ಕೆಲಸ. ಆದರೆ ನೀವು ರಾಮಮೂರ್ತಿನಗರದ ಮನೆಯಲ್ಲಿ ಕಾಫಿ ಕುಡಿಯುತ್ತಿರುವಾಗ ಯಾರೋ ಅದೇ ಸಂದೇಶವನ್ನು ಸುಳ್ಳಾಗಿ ಕಳಿಸಿದರೆ? ತಡೆಯುವ ಫೈರ್‌ವಾಲ್ ಇಲ್ಲದಿದ್ದರೆ ಎಚ್‌ಎಲ್‌ಆರ್ ಅದನ್ನೂ ಬರೆದಿಟ್ಟುಕೊಳ್ಳುತ್ತದೆ. ನಿಮ್ಮ ಮುಂದಿನ ಒಟಿಪಿ ಅವರಿಗೆ ಹೋಗುತ್ತದೆ. ನಿಮ್ಮ ಫೋನಿನಲ್ಲಿ ಸಿಗ್ನಲ್ ಕಡ್ಡಿಗಳು ಹಾಗೇ ಇರುತ್ತವೆ.

ಇಂಥದ್ದು ನಮ್ಮ ಪರದೆಯ ಮೇಲೆ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಒಂದು ಸಾಲು ಬರುತ್ತದೆ: ಸಂದೇಶದ ಹೆಸರು, ಗ್ರಾಹಕರ 15 ಅಂಕಿಯ ಐಎಂಎಸ್‌ಐ (ಸಿಮ್‌ನ ಗುರುತಿನ ಸಂಖ್ಯೆ), ಕಳಿಸಿದವರ ಗ್ಲೋಬಲ್ ಟೈಟಲ್, ಸಮಯ. ಐಎಂಎಸ್‌ಐ ಭಾರತದ್ದಾದರೆ 404 ಅಥವಾ 405ರಿಂದ ಶುರುವಾಗುತ್ತದೆ. ಗ್ಲೋಬಲ್ ಟೈಟಲ್‌ನ ಮೊದಲ ಅಂಕಿಗಳು ಯಾವ ದೇಶ ಅಂತ ಹೇಳುತ್ತವೆ. ಆ ಗ್ರಾಹಕರು ಕೊನೆಯ ಸಲ ಎಲ್ಲಿದ್ದರು ಅಂತ ಫೈರ್‌ವಾಲ್ ನೋಡುತ್ತದೆ. ಹತ್ತು ನಿಮಿಷದ ಹಿಂದೆ ಯಲಹಂಕದ ಟವರ್ ಕೆಳಗಿದ್ದವರು ಈಗ ಆಫ್ರಿಕಾದಲ್ಲಿದ್ದಾರೆ ಅಂತ ಸಂದೇಶ ಹೇಳಿದರೆ, ಅಷ್ಟು ಬೇಗ ಹೋಗಲು ಯಾವ ವಿಮಾನವೂ ಇಲ್ಲ. ತಡೆ. ಇದನ್ನು ವೆಲಾಸಿಟಿ ಚೆಕ್ ಅನ್ನುತ್ತೇವೆ. ಕೇಳಲು ಸುಲಭ, ನಡೆಸಲು ಕಷ್ಟ. ತಪ್ಪಾಗಿ ತಡೆದರೆ ನಿಜವಾಗಿಯೂ ದುಬೈಯಲ್ಲಿ ಇಳಿದವರಿಗೆ ನೆಟ್‌ವರ್ಕ್ ಸಿಗುವುದಿಲ್ಲ.

ಇದು ಬರೀ ಪುಸ್ತಕದ ಅಪಾಯವಲ್ಲ. ಜರ್ಮನಿಯ ಭದ್ರತಾ ಸಂಶೋಧಕ ಟೋಬಿಯಾಸ್ ಎಂಗೆಲ್ 2008ರಲ್ಲೇ ಎಸ್‌ಎಸ್7 ಮೂಲಕ ಫೋನ್ ಎಲ್ಲಿದೆ ಅಂತ ಪತ್ತೆ ಮಾಡಬಹುದು ಎಂದು ಬರ್ಲಿನ್‌ನಲ್ಲಿ ತೋರಿಸಿದರು. 2014ರಲ್ಲಿ ಅವರೂ ಇನ್ನೊಬ್ಬ ಸಂಶೋಧಕ ಕಾರ್ಸ್ಟನ್ ನೋಲ್ ಅವರೂ ಕರೆ ಮತ್ತು ಎಸ್‌ಎಂಎಸ್ ಕದ್ದು ಕೇಳುವುದನ್ನೂ ತೋರಿಸಿದರು. 2016ರಲ್ಲಿ ಅಮೆರಿಕದ ಸಂಸದ ಟೆಡ್ ಲ್ಯೂ ಅವರ ಒಪ್ಪಿಗೆ ಪಡೆದು, ಬರೀ ನಂಬರ್ ಇಟ್ಟುಕೊಂಡು ಅವರ ಕರೆಗಳನ್ನು ನೋಲ್ ತಂಡ ಕೇಳಿಸಿಕೊಂಡಿತು. 2017ರಲ್ಲಿ ಜರ್ಮನಿಯಲ್ಲಿ ನಿಜವಾದ ಕಳ್ಳತನವೇ ನಡೆಯಿತು. ಕಳ್ಳರು ಮೊದಲು ಬ್ಯಾಂಕ್ ಗ್ರಾಹಕರ ಪಾಸ್‌ವರ್ಡ್ ಕದ್ದರು. ಆಮೇಲೆ ಅವರ ಎಸ್‌ಎಂಎಸ್‌ಗಳನ್ನು ಎಸ್‌ಎಸ್7 ಮೂಲಕ ತಿರುಗಿಸಿಕೊಂಡು ದುಡ್ಡು ಎತ್ತಿದರು. ಅಲ್ಲಿನ ಮೊಬೈಲ್ ಆಪರೇಟರ್ ಓ2 ಟೆಲಿಫೋನಿಕಾ ಅದನ್ನು ಒಪ್ಪಿಕೊಂಡಿತು. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಎಸ್‌ಎಂಎಸ್ ಕದ್ದರಷ್ಟೇ ಸಾಲಲಿಲ್ಲ, ಪಾಸ್‌ವರ್ಡೂ ಬೇಕಾಯಿತು. ನಮ್ಮ ರಕ್ಷಣೆ ಶುರುವಾಗುವುದೇ ಅಲ್ಲಿಂದ.

4ಜಿಯಲ್ಲಿ ಎಸ್‌ಎಸ್7 ಬದಲು ಡಯಾಮೀಟರ್ ಅನ್ನುವ ಸಿಗ್ನಲಿಂಗ್ ವ್ಯವಸ್ಥೆ ಬಂತು. ಸಲಕರಣೆ ಹೊಸದು, ಆದರೆ ನೆಟ್‌ವರ್ಕ್‌ಗಳ ನಡುವಿನ ಹಳೆಯ ನಂಬಿಕೆ ಹೆಚ್ಚು ಬದಲಾಗಲಿಲ್ಲ. 5ಜಿಯಲ್ಲಿ ಎಸ್‌ಇಪಿಪಿ ಅನ್ನುವ ಕಾವಲು ಇದೆ, ನಿಮ್ಮ ಗುರುತನ್ನು ಗಾಳಿಯಲ್ಲಿ ಮುಚ್ಚಿ ಕಳಿಸುವ ಏರ್ಪಾಡೂ ಇದೆ. ಆದರೆ ಫೋನಿನ ಮೂಲೆಯಲ್ಲಿ 5ಜಿ ಅಂತ ಕಂಡ ಮಾತ್ರಕ್ಕೆ ಇದೆಲ್ಲ ಸಿಕ್ಕಿತು ಅಂತಲ್ಲ. ಎಷ್ಟೋ 5ಜಿ ಸಂಪರ್ಕಗಳು ಒಳಗೆ 4ಜಿಯ ಕೋರ್ (ನೆಟ್‌ವರ್ಕ್‌ನ ಕೇಂದ್ರ ಭಾಗ) ಮೇಲೇ ನಡೆಯುತ್ತವೆ.

ಯಾವುದಕ್ಕೆ ಎಷ್ಟು ಹೆದರಬೇಕು

ನನ್ನ ಕೆಲಸವೇ ಎಸ್‌ಎಸ್7 ಆದರೂ, ಅಮ್ಮನಿಗೆ ನಾನು ಮೊದಲು ಹೇಳಿಕೊಟ್ಟಿದ್ದು ಅದನ್ನಲ್ಲ. ಸಾಮಾನ್ಯ ಜನರ ದುಡ್ಡು ಹೆಚ್ಚಾಗಿ ಹೋಗುವುದು ಇನ್ನೂ ಸುಲಭದ ದಾರಿಗಳಲ್ಲಿ. ವಾಟ್ಸ್ಆ್ಯಪ್‌ನಲ್ಲಿ ಮದುವೆ ಆಮಂತ್ರಣ, ಟ್ರಾಫಿಕ್ ಚಲನ್ ಅಂತ ಬರುವ ಎಪಿಕೆ ಫೈಲ್ (ಆಂಡ್ರಾಯ್ಡ್ ಆ್ಯಪ್ ಹಾಕುವ ಫೈಲ್) ಒಂದು. ಅದನ್ನು ಹಾಕಿಕೊಂಡು ಎಸ್‌ಎಂಎಸ್ ಓದಲು ಅನುಮತಿ ಕೊಟ್ಟರೆ ಒಟಿಪಿ ತಾನಾಗಿಯೇ ಕಳ್ಳರಿಗೆ ಹೋಗುತ್ತದೆ. ನಿಮ್ಮ ಹೆಸರಲ್ಲಿ ಬೇರೆಯವರು ನಿಮ್ಮದೇ ನಂಬರಿನ ಹೊಸ ಸಿಮ್ ಪಡೆಯುವುದು ಇನ್ನೊಂದು, ಇದಕ್ಕೆ ಸಿಮ್ ಸ್ವಾಪ್ ಅನ್ನುತ್ತಾರೆ. ಕಾಲ್ ಫಾರ್ವರ್ಡ್ ಮಾಡಿಸಿಕೊಳ್ಳುವುದು ಮತ್ತೊಂದು. ಫೋನ್ ಕದ್ದು ಸಿಮ್ ತೆಗೆದು ಬೇರೆ ಫೋನಿಗೆ ಹಾಕುವುದು ಮಗದೊಂದು. ಎಸ್‌ಎಸ್7 ದಾಳಿಗೆ ಖರ್ಚು, ಸಂಪರ್ಕ ಎರಡೂ ಬೇಕು. ಅದು ಪತ್ರಕರ್ತರು, ವಕೀಲರು, ದೊಡ್ಡ ಖಾತೆ ಇರುವವರ ಮೇಲೆ ಬೀಳುವ ಸಂಭವ ಜಾಸ್ತಿ. ಒಳ್ಳೆಯ ಸಂಗತಿ ಏನೆಂದರೆ, ಮುಂದೆ ಹೇಳುವ ಕೆಲಸಗಳಲ್ಲಿ ಹೆಚ್ಚಿನವು ಇವೆಲ್ಲಕ್ಕೂ ಒಟ್ಟಿಗೇ ತಡೆಯಾಗುತ್ತವೆ.

ಇಮೇಲ್‌ನಿಂದ ಶುರು ಮಾಡಿ

ಎಲ್ಲರೂ ಬ್ಯಾಂಕಿನಿಂದ ಶುರು ಮಾಡುತ್ತಾರೆ. ನಾನು ಇಮೇಲ್‌ನಿಂದ ಅನ್ನುತ್ತೇನೆ. ಬೇರೆ ಎಲ್ಲ ಪಾಸ್‌ವರ್ಡ್ ಬದಲಿಸುವ ಕೊಂಡಿ ಬರುವುದು ಅಲ್ಲಿಗೇ. ಗೂಗಲ್ ಅಕೌಂಟ್‌ನ ಸೆಕ್ಯುರಿಟಿ ಪುಟಕ್ಕೆ ಹೋಗಿ ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು ಅಥವಾ ಲಾಕ್‌ನಿಂದಲೇ ಲಾಗಿನ್ ಆಗುವ ಏರ್ಪಾಡು) ಮಾಡಿಕೊಳ್ಳಿ, ಇಲ್ಲವೇ ಅಥೆಂಟಿಕೇಟರ್ ಆ್ಯಪ್ ಜೋಡಿಸಿ. ಅಥೆಂಟಿಕೇಟರ್ ತೋರಿಸುವ ಆರು ಅಂಕಿ ನಿಮ್ಮ ಫೋನಿನೊಳಗೇ ಹುಟ್ಟುತ್ತದೆ. ಯಾವ ನೆಟ್‌ವರ್ಕ್‌ನಲ್ಲೂ ಓಡಾಡುವುದಿಲ್ಲ, ಹಾಗಾಗಿ ದಾರಿಯಲ್ಲಿ ಕದಿಯಲು ಏನೂ ಇರುವುದಿಲ್ಲ. ಆಮೇಲೆ ಬ್ಯಾಕಪ್ ಕೋಡ್‌ಗಳನ್ನು ತೆಗೆದುಕೊಳ್ಳಿ. ಗೂಗಲ್ 10 ಕೋಡ್ ಕೊಡುತ್ತದೆ. ಫೋಟೋ ಹೊಡೆದು ಗ್ಯಾಲರಿಯಲ್ಲಿ ಇಡಬೇಡಿ. ಕಾಗದದ ಮೇಲೆ ಬರೆದು, ಬೀರುವಿನಲ್ಲಿ ಎಲ್‌ಐಸಿ ಬಾಂಡ್ ಇಡುವ ಕವರ್‌ನಲ್ಲಿ ಇಡಿ. ಇದಿಷ್ಟೂ ಆಗಿ, ಒಂದು ಸಲ ಲಾಗಿನ್ ಮಾಡಿ ನೋಡಿದ ಮೇಲೆ, ಎರಡನೇ ಹಂತದ ಪಟ್ಟಿಯಲ್ಲಿರುವ ಎಸ್‌ಎಂಎಸ್ ನಂಬರನ್ನು ತೆಗೆದುಹಾಕಿ. ಕ್ರಮ ಹಿಂದುಮುಂದು ಮಾಡಬೇಡಿ, ನೀವೇ ಹೊರಗುಳಿದುಬಿಡುತ್ತೀರಿ.

ವಾಟ್ಸ್ಆ್ಯಪ್‌ನಲ್ಲಿ ಸೆಟ್ಟಿಂಗ್ಸ್, ಅಕೌಂಟ್, ಟೂ ಸ್ಟೆಪ್ ವೆರಿಫಿಕೇಶನ್ ಅಂತ ಹೋಗಿ ಆರು ಅಂಕಿಯ ಪಿನ್ ಹಾಕಿ. ಪಿನ್ ಮರೆತರೆ ಬೇಕಾಗುತ್ತದೆ, ಇಮೇಲ್ ವಿಳಾಸವನ್ನೂ ಕೊಡಿ. ಇನ್ನು ಮುಂದೆ ನಿಮ್ಮ ಎಸ್‌ಎಂಎಸ್ ಕದ್ದವರಿಗೂ ನಿಮ್ಮ ವಾಟ್ಸ್ಆ್ಯಪ್ ತೆರೆಯಲು ಆ ಪಿನ್ ಬೇಕು. ಎರಡು ನಿಮಿಷದ ಕೆಲಸ. ಮನೆಯ ಎಲ್ಲರ ಫೋನಿನಲ್ಲೂ ಮಾಡಿಬಿಡಿ.

ಬ್ಯಾಂಕಿಗೆ ಬೇರೆ ನಂಬರ್

ಬ್ಯಾಂಕಿನ ಎಸ್‌ಎಂಎಸ್ ಒಟಿಪಿಯನ್ನು ನಾವಾಗಿ ನಿಲ್ಲಿಸಲು ಆಗದು. ಆದರೆ ದಾರಿ ತೆರೆಯುತ್ತಿದೆ. ಆರ್‌ಬಿಐ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿರ್ದೇಶನ 2026ರ ಏಪ್ರಿಲ್ 1ರಿಂದ ಅನ್ವಯ. ಎರಡು ಹಂತದ ಪರೀಕ್ಷೆ ಕಡ್ಡಾಯವೇ, ಆದರೆ ಎರಡನೆಯದು ಎಸ್‌ಎಂಎಸ್ಸೇ ಆಗಬೇಕು ಅಂತಿಲ್ಲ. ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲೇ ಒಪ್ಪಿಗೆ ಕೊಡುವ ವ್ಯವಸ್ಥೆ ಇದ್ದರೆ ಅದನ್ನೇ ಆರಿಸಿಕೊಳ್ಳಿ.

ಅಪ್ಪನಿಗೆ ನಾನು ಮಾಡಿಕೊಟ್ಟಿರುವ ಏರ್ಪಾಡು ಹೀಗಿದೆ. ಪಿಂಚಣಿ, ಠೇವಣಿ ಇರುವ ಖಾತೆಗೆ ಒಂದು ನಂಬರ್. ಅದು ಬ್ಯಾಂಕಿಗೂ ನಮ್ಮ ಮನೆಯವರಿಗೂ ಬಿಟ್ಟು ಯಾರಿಗೂ ಗೊತ್ತಿಲ್ಲ. ಆ ಸಿಮ್ ಇರುವುದು 4ಜಿ ಕೀಪ್ಯಾಡ್ ಫೋನಿನಲ್ಲಿ, ಫೋನ್ ಇರುವುದು ಮನೆಯಲ್ಲಿ. ತರಕಾರಿ, ಆಟೋ, ಹಾಲಿನ ಯುಪಿಐಗೆ ಇನ್ನೊಂದು ಬ್ಯಾಂಕಿನಲ್ಲಿ ಸಣ್ಣ ಖಾತೆ, ಎಲ್ಲರಿಗೂ ಗೊತ್ತಿರುವ ಹಳೆಯ ನಂಬರ್. ಸಿಗ್ನಲಿಂಗ್ ದಾಳಿ ಇರಲಿ, ಸಿಮ್ ಮೋಸ ಇರಲಿ, ಎಲ್ಲದಕ್ಕೂ ಮೊದಲು ಬೇಕಾಗುವುದು ನಂಬರ್. ಅದೇ ಗೊತ್ತಿಲ್ಲದಿದ್ದರೆ ಕಳ್ಳರಿಗೆ ಶುರು ಮಾಡುವುದೇ ಕಷ್ಟ. ಅಪ್ಪ ಮೊದಲು "ಎರಡೆರಡು ಫೋನ್ ಯಾಕಮ್ಮ?" ಅಂದರು. ಎಕ್ಸ್‌ಚೇಂಜ್‌ನಲ್ಲಿ ಮಾತಿಗೊಂದು ಸೂಚನೆಗೊಂದು ದಾರಿ ಮಾಡಿದ್ದು ಯಾಕೆ ಅಂತ ಕೇಳಿದೆ. ತಕ್ಷಣ ಒಪ್ಪಿಕೊಂಡರು.

ಆ ಎರಡನೇ ಸಿಮ್‌ಗೆ ರೀಚಾರ್ಜ್ ತಪ್ಪಿಸಬೇಡಿ. ಪ್ರೀಪೇಯ್ಡ್ ಸಿಮ್ಮನ್ನು 90 ದಿನ ಬಳಸದೇ ಇದ್ದರೆ ಸಂಪರ್ಕ ಕಡಿಯಬಹುದು. ಆಮೇಲೆ ಅದೇ ನಂಬರ್ ಇನ್ಯಾರಿಗೋ ಸಿಗುತ್ತದೆ, ನಿಮ್ಮ ಬ್ಯಾಂಕಿನ ಸಂದೇಶಗಳ ಸಮೇತ. ಹಳೆಯ ನಂಬರ್ ಬಿಡುವವರು ಮೊದಲು ಬ್ಯಾಂಕು, ಆಧಾರ್, ಇಮೇಲ್ ಎಲ್ಲ ಕಡೆ ಬದಲಿಸಿ, ಆಮೇಲೆ ಬಿಡಿ.

ಕಾರ್ಡ್‌ನಲ್ಲಿ ವಿದೇಶಿ ವಹಿವಾಟು ಬೇಡದಿದ್ದರೆ ಆಫ್ ಮಾಡಿಡಿ. ಆ್ಯಪ್‌ನಲ್ಲೇ ಮಾಡಬಹುದು. ದಿನದ ಮಿತಿಯನ್ನೂ ಇಳಿಸಿ.

ಸಿಮ್‌ಗೆ ಪಿನ್

ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವಾಗ ಫೋನ್ ಹೋಯಿತು ಅಂತಿಟ್ಟುಕೊಳ್ಳಿ. ಫೋನಿಗೆ ಬೆರಳಚ್ಚಿನ ಲಾಕ್ ಇದೆ, ಸರಿ. ಆದರೆ ಕಳ್ಳ ಸಿಮ್ ಹೊರಗೆ ತೆಗೆದು ತನ್ನ ಫೋನಿಗೆ ಹಾಕುತ್ತಾನೆ. ಈಗ ನಿಮ್ಮ ಕರೆ, ಎಸ್‌ಎಂಎಸ್ ಎಲ್ಲ ಅವನಿಗೆ. ಇದನ್ನು ತಡೆಯುವುದು ಸಿಮ್ ಪಿನ್. ನಮ್ಮಲ್ಲಿ ಇದನ್ನು ಬಳಸುವವರು ತೀರಾ ಕಡಿಮೆ. ಫೋನಿನ ಸೆಕ್ಯುರಿಟಿ ಸೆಟ್ಟಿಂಗ್‌ನಲ್ಲಿ ಸಿಮ್ ಲಾಕ್ ಅಂತ ಇರುತ್ತದೆ. ಆನ್ ಮಾಡುವಾಗ ಅದು ಹಾಲಿ ಪಿನ್ ಕೇಳುತ್ತದೆ. ಕಂಪನಿಯಿಂದ ಬಂದ ಪಿನ್ ಏನು ಅಂತ ಮೊದಲು ಕಸ್ಟಮರ್ ಕೇರ್‌ಗೆ ಕೇಳಿ. ಸುಮ್ನೆ ಊಹೆ ಮಾಡಿ ಒತ್ತಬೇಡಿ. ಮೂರು ಸಲ ತಪ್ಪಿದರೆ ಸಿಮ್ ಪಿಯುಕೆ ಅನ್ನುವ, ಲಾಕ್ ಬಿಡಿಸುವ ಕೋಡ್ ಕೇಳುತ್ತದೆ. ಪಿಯುಕೆ 10 ಸಲ ತಪ್ಪಿದರೆ ಆ ಸಿಮ್ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಆನ್ ಆದ ಮೇಲೆ ನಿಮ್ಮದೇ ಪಿನ್‌ಗೆ ಬದಲಿಸಿ. ಫೋನ್ ರೀಸ್ಟಾರ್ಟ್ ಆದಾಗಲೆಲ್ಲ ಅದನ್ನು ಹಾಕಬೇಕು. ವಯಸ್ಸಾದವರಿಗೆ ಮಾಡಿಕೊಟ್ಟರೆ ಪಿನ್ ಬರೆದು ಕೈಗೆ ಕೊಡಿ.

ಸಿಮ್ ಪಿನ್‌ನಿಂದ ಸಿಮ್ ಸ್ವಾಪ್ ನಿಲ್ಲುವುದಿಲ್ಲ. ಅಲ್ಲಿ ಕಳ್ಳನ ಕೈಗೆ ಬರುವುದು ಬೇರೆಯದೇ ಸಿಮ್.

ಕಾಲ್ ಫಾರ್ವರ್ಡ್ ನೋಡಿಕೊಳ್ಳುವುದು

ನಮ್ಮ ಪಕ್ಕದ ರಸ್ತೆಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ. ಅವರಿಗೆ ಕೊರಿಯರ್‌ನವರು ಅಂತ ಒಂದು ಫೋನ್ ಬಂತು. "ಸಾರ್, ಡೆಲಿವರಿ ಹುಡುಗನ ನಂಬರ್ ಕೊಡ್ತೀನಿ, ಅದರ ಮುಂದೆ *21* ಹಾಕಿ, ಕೊನೆಗೆ # ಒತ್ತಿ ಡಯಲ್ ಮಾಡಿ" ಅಂದರಂತೆ. ಮೇಷ್ಟ್ರು ಹೇಳಿದ ಹಾಗೆ ಮಾಡಿದರು. ಆಮೇಲೆ ಸಂಜೆಯವರೆಗೆ ಒಂದು ಕರೆಯೂ ಬರದಿದ್ದಾಗ ಮಗಳು ಗಾಬರಿಯಾಗಿ ನನ್ನ ಹತ್ತಿರ ಕಳಿಸಿದಳು. *#21# ಒತ್ತಿದೆವು. ಗುರುತಿಲ್ಲದ ನಂಬರ್ ಒಂದಕ್ಕೆ ಎಲ್ಲ ಕರೆಗಳೂ ಹೋಗುತ್ತಿವೆ ಅಂತ ಪರದೆ ತೋರಿಸಿತು. ##002# ಒತ್ತಿದ ಮೇಲೆ ಅದು ಅಳಿಸಿಹೋಯಿತು. ವಾಟ್ಸ್ಆ್ಯಪ್‌ಗೆ ಮೊದಲೇ ಪಿನ್ ಇದ್ದದ್ದರಿಂದ ಅಷ್ಟಕ್ಕೇ ನಿಂತಿತು.

ಈ ಮೋಸದಲ್ಲಿ ತಿರುಗುವುದು ಕರೆಗಳು, ಎಸ್‌ಎಂಎಸ್ ಅಲ್ಲ. ಆದರೆ ಎಷ್ಟೋ ಸೇವೆಗಳು "ಎಸ್‌ಎಂಎಸ್ ಬರಲಿಲ್ಲವೇ? ಕರೆ ಮಾಡಿ ಕೋಡ್ ಹೇಳುತ್ತೇವೆ" ಅನ್ನುತ್ತವೆ. ಕಳ್ಳರಿಗೆ ಬೇಕಾಗಿರುವುದು ಆ ಕರೆ. ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ *401# ಮಾದರಿಯ ಕೋಡ್‌ಗಳಿಂದ ಫಾರ್ವರ್ಡ್ ಮಾಡುವುದನ್ನು ನಿಲ್ಲಿಸಲು ಹೇಳಿತು. ಹಾಗಂತ ನೋಡದೆ ಬಿಡಬೇಡಿ. *#21# ಎಲ್ಲ ಕರೆಗಳಿಗೆ, *#67# ನೀವು ಬ್ಯುಸಿ ಇದ್ದಾಗ, *#61# ಎತ್ತದಿದ್ದಾಗ, *#62# ಫೋನ್ ಸಿಗದಿದ್ದಾಗ ಕರೆ ಎಲ್ಲಿಗೆ ಹೋಗುತ್ತದೆ ಅಂತ ತೋರಿಸುತ್ತವೆ. ಕೊನೆಯದರಲ್ಲಿ ಯಾವುದಾದರೂ ನಂಬರ್ ಕಂಡರೆ ಹೌಹಾರಬೇಡಿ. ಕೆಲವು ಆಪರೇಟರ್‌ಗಳು ಮಿಸ್ಡ್ ಕಾಲ್ ಅಲರ್ಟ್‌ಗೆ ತಮ್ಮದೇ ನಂಬರ್ ಹಾಕಿರುತ್ತಾರೆ. ಮೊದಲನೆಯದರಲ್ಲಿ ಮಾತ್ರ, ನೀವೇ ಹಾಕಿರದಿದ್ದರೆ, ಯಾವ ನಂಬರೂ ಇರಬಾರದು.

2ಜಿ ಆಫ್ ಮಾಡುವುದು

2ಜಿಯಲ್ಲಿ ಟವರ್ ನಿಮ್ಮ ಫೋನನ್ನು ಪರೀಕ್ಷಿಸುತ್ತದೆ, ನಿಮ್ಮ ಫೋನ್ ಟವರನ್ನು ಪರೀಕ್ಷಿಸುವುದಿಲ್ಲ. ಹಾಗಾಗಿ ಕಾರಿನಲ್ಲಿ ಒಂದು ನಕಲಿ ಟವರ್ ಇಟ್ಟುಕೊಂಡು ಓಡಾಡಿದರೂ ಹತ್ತಿರದ ಫೋನುಗಳು ಅದನ್ನು ನಂಬುತ್ತವೆ. 4ಜಿಯಲ್ಲಿರುವ ಫೋನನ್ನು 2ಜಿಗೆ ಇಳಿಸಿ, ಬ್ಯಾಂಕಿನ ಹೆಸರಲ್ಲೇ ಎಸ್‌ಎಂಎಸ್ ಕಳಿಸುವ ಯಂತ್ರಗಳಿವೆ. ಆಪರೇಟರ್‌ನ ದಾರಿಯಲ್ಲೇ ಬರದ ಕಾರಣ ಯಾವ ಫಿಲ್ಟರ್‌ಗೂ ಅದು ಸಿಗುವುದಿಲ್ಲ. 2024ರಲ್ಲಿ ಲಂಡನ್ ಪೊಲೀಸರು ಇಂಥದ್ದೇ ಪ್ರಕರಣದಲ್ಲಿ ಬಂಧನ ಮಾಡಿದರು. ಬ್ಯಾಂಕಿನ ಹೆಸರಿದೆ ಅಂತ ಎಸ್‌ಎಂಎಸ್‌ನ ಲಿಂಕ್ ಒತ್ತಬೇಡಿ ಅಂತ ನಾನು ಹಠ ಹಿಡಿಯುವುದು ಇದಕ್ಕೇ.

ಆಂಡ್ರಾಯ್ಡ್ 12ರಿಂದ ಈಚೆಗೆ, ಹಲವು ಫೋನುಗಳಲ್ಲಿ ನೆಟ್‌ವರ್ಕ್ ಸೆಟ್ಟಿಂಗ್‌ನ ಸಿಮ್ ಪುಟದಲ್ಲಿ "ಅಲೋ 2ಜಿ" ಅಂತ ಇದೆ. ಆಫ್ ಮಾಡಿ. ಐಫೋನ್‌ನಲ್ಲಿ ಬೇರೆ ಸ್ವಿಚ್ ಇಲ್ಲ, ಲಾಕ್‌ಡೌನ್ ಮೋಡ್ ಹಾಕಿದರೆ 2ಜಿ ನಿಲ್ಲುತ್ತದೆ. ಅದು ಬೇರೆ ಹಲವನ್ನೂ ನಿಲ್ಲಿಸುತ್ತದೆ, ಆದ್ದರಿಂದ ನಿಜವಾದ ಬೆದರಿಕೆ ಇರುವವರಿಗೆ ಮಾತ್ರ ಸರಿ. 2ಜಿ ಆಫ್ ಮಾಡುವ ಮುಂಚೆ ವೋಲ್ಟೆ (4ಜಿಯಲ್ಲೇ ಕರೆ ಮಾಡುವ ಸೌಲಭ್ಯ) ಆನ್ ಇದೆಯೇ ನೋಡಿ, ಇಲ್ಲದಿದ್ದರೆ ಕರೆಗಳೇ ಬರಲಿಕ್ಕಿಲ್ಲ. ಜಿಯೋದಲ್ಲಿ ಮೊದಲಿನಿಂದಲೂ 2ಜಿ ಇಲ್ಲ, ಆದರೂ ನಕಲಿ ಟವರ್‌ಗೆ ಫೋನ್ ಸಿಕ್ಕಿಬೀಳಬಹುದು, ಆದ್ದರಿಂದ ಅವರೂ ಆಫ್ ಮಾಡಿಡುವುದು ಒಳ್ಳೆಯದು. ಬೆಂಗಳೂರಿನಲ್ಲಿ ತೊಂದರೆ ಆಗುವುದಿಲ್ಲ. ಮಲೆನಾಡಿನ ಕಡೆ ಊರಿಗೆ ಹೋದಾಗ ಸಿಗ್ನಲ್ ಸಿಗದಿದ್ದರೆ ಮತ್ತೆ ಆನ್ ಮಾಡಿಕೊಳ್ಳಿ.

ಫೋನ್ ಎಲ್ಲಿದೆ ಅಂತ ಸಿಗ್ನಲಿಂಗ್ ಮೂಲಕ ಪತ್ತೆ ಮಾಡುವುದನ್ನು ತಡೆಯಲು ನಿಮ್ಮ ಕೈಲಿ ಹೆಚ್ಚೇನಿಲ್ಲ. ಜಿಪಿಎಸ್ ಆಫ್ ಮಾಡಿದರೂ ಯಾವ ಟವರ್ ಅನ್ನುವುದು ನೆಟ್‌ವರ್ಕ್‌ಗೆ ಗೊತ್ತಿರುತ್ತದೆ. ಏರ್‌ಪ್ಲೇನ್ ಮೋಡ್ ಒಂದೇ ದಾರಿ. ಗುಟ್ಟಿನ ಮಾತುಗಳಿಗೆ ಸಾದಾ ಕರೆ, ಎಸ್‌ಎಂಎಸ್ ಬಿಟ್ಟು ಸಿಗ್ನಲ್ ಅನ್ನುವ ಹೆಸರಿನ ಮೆಸೇಜಿಂಗ್ ಆ್ಯಪ್ ಬಳಸಿ.

ಆ್ಯಪ್ ಕಟ್ಟುವವರಿಗೆ ಒಂದು ಮಾತು

ಕೋರಮಂಗಲ, ಎಚ್‌ಎಸ್‌ಆರ್‌ನಲ್ಲಿ ಕೂತು ಆ್ಯಪ್ ಕಟ್ಟುತ್ತಿರುವ ಹುಡುಗ ಹುಡುಗಿಯರೇ, ಬರೀ ಫೋನ್ ನಂಬರ್ ಮತ್ತು ಒಟಿಪಿಯಿಂದ ಲಾಗಿನ್ ಮಾಡಿಸುವುದು ನಿಮಗೆ ಸುಲಭ, ಬಳಸುವವರಿಗೆ ಅಪಾಯ. ಪಾಸ್‌ಕೀ ಕೊಡಿ. ಎಸ್‌ಎಂಎಸ್ ಬಿಡಲು ಆಗದಿದ್ದರೆ, ಹೊಸ ಫೋನಿನಿಂದ ಲಾಗಿನ್ ಆದಾಗ ಹಳೆಯ ಫೋನಿಗೆ ತಿಳಿಸಿ, ದುಡ್ಡಿನ ವಹಿವಾಟನ್ನು ಸ್ವಲ್ಪ ಹೊತ್ತು ತಡೆಯಿರಿ. ಒಟಿಪಿ ಸಂದೇಶದಲ್ಲೇ ಎಷ್ಟು ದುಡ್ಡು, ಯಾರಿಗೆ ಅಂತ ಬರೆಯಿರಿ. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಎಸ್‌ಎಂಎಸ್ ಒಟಿಪಿಯನ್ನು ನಿರ್ಬಂಧಿತ ವಿಧಾನಗಳ ಸಾಲಿಗೆ ಸೇರಿಸಿತು.

ಆಪರೇಟರ್‌ಗಳ ಪಾಲಿನ ಕೆಲಸ ದೊಡ್ಡದು. ಎಸ್‌ಎಸ್7 ಸಂದೇಶಗಳನ್ನು ಮೂರು ವರ್ಗ ಮಾಡಿ ತಡೆಯುವ ಮಾರ್ಗಸೂಚಿಯನ್ನು ಮೊಬೈಲ್ ಕಂಪನಿಗಳ ಜಾಗತಿಕ ಒಕ್ಕೂಟ ಜಿಎಸ್‌ಎಂಎ ಕೊಟ್ಟಿದೆ. ಹೊರಗಿನವರು ಕೇಳಿದಾಗ ಗ್ರಾಹಕರ ನಿಜವಾದ ಐಎಂಎಸ್‌ಐ ಬಿಟ್ಟುಕೊಡದ ಹೋಮ್ ರೂಟಿಂಗ್ ಇದೆ. ನಮ್ಮಲ್ಲಿ 2024ರ ನವೆಂಬರ್‌ನ ಟೆಲಿಕಾಂ ಸೈಬರ್ ಭದ್ರತಾ ನಿಯಮಗಳ ಪ್ರಕಾರ, ಭದ್ರತೆಗೆ ಧಕ್ಕೆ ಬಂದದ್ದು ಗೊತ್ತಾದ 6 ಗಂಟೆಯೊಳಗೆ ಕಂಪನಿಗಳು ಸರ್ಕಾರಕ್ಕೆ ತಿಳಿಸಬೇಕು. ಟೆಲಿಕಾಂ ಸಲಕರಣೆಗಳಿಗೆ ಭದ್ರತಾ ಮಾನದಂಡ ಬರೆಯುವ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರ ಇರುವುದೂ ನಮ್ಮ ಬೆಂಗಳೂರಿನಲ್ಲೇ.

ಸಿಗ್ನಲ್ ಹೋದರೆ

ಮನೆಯಲ್ಲಿ ಯಾವಾಗಲೂ ಚೆನ್ನಾಗಿ ಸಿಗುವ ನೆಟ್‌ವರ್ಕ್ ಇದ್ದಕ್ಕಿದ್ದಂತೆ ಹೋಯಿತು, ಅದೇ ಕಂಪನಿಯ ಪಕ್ಕದ ಫೋನಿನಲ್ಲಿ ಇದೆ. ಫೋನ್ ಒಮ್ಮೆ ರೀಸ್ಟಾರ್ಟ್ ಮಾಡಿ. ಬರದಿದ್ದರೆ "ನಾಳೆ ಅಂಗಡಿಗೆ ಹೋಗಿ ಕೇಳೋಣ" ಅನ್ನಬೇಡಿ. ಬೇರೆ ಫೋನಿನಿಂದ ಕೂಡಲೇ ಕಸ್ಟಮರ್ ಕೇರ್‌ಗೆ ಕರೆ ಮಾಡಿ, "ನನ್ನ ನಂಬರಿಗೆ ಹೊಸ ಸಿಮ್ ಅಥವಾ ಇ-ಸಿಮ್ ಕೊಟ್ಟಿದ್ದೀರಾ?" ಅಂತ ನೇರವಾಗಿ ಕೇಳಿ. ಕೊಟ್ಟಿದ್ದರೆ ತಡೆಯಲು ಹೇಳಿ. ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ತಡೆಯಬೇಕು ಅನ್ನುವ ನಿಯಮ 2022ರಿಂದ ಇದೆ. ಆ ಹೊತ್ತು ನಿಮ್ಮದು, ವ್ಯರ್ಥ ಮಾಡಬೇಡಿ. ಸಿಮ್ ಬದಲಾದ 7 ದಿನದೊಳಗೆ ನಂಬರ್ ಪೋರ್ಟ್ ಮಾಡುವಂತೆಯೂ ಇಲ್ಲ, ಇದು 2024ರ ಜುಲೈ 1ರಿಂದ. ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಬಹುದು. ಗುರುತಿಲ್ಲದ್ದು ಕಂಡರೆ ಅಲ್ಲೇ ದೂರು ಕೊಡಿ. ಆಗಾಗ ನೋಡುತ್ತಿರುವುದು ಒಳ್ಳೆಯದು.

ದುಡ್ಡು ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದುಡ್ಡು ಖಾತೆಯಿಂದ ಖಾತೆಗೆ ಹಾರುವ ಮುಂಚೆ ತಡೆಹಿಡಿಯಲು ಅವರಿಗೆ ಆಗುತ್ತದೆ, ತಡವಾದಷ್ಟೂ ಕಷ್ಟ. ಬ್ಯಾಂಕಿಗೂ ಅದೇ ದಿನ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಆರ್‌ಬಿಐನ 2017ರ ಜುಲೈ ಸುತ್ತೋಲೆಯಿಂದ ಬಂದ ನಿಯಮದ ಪ್ರಕಾರ, ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಅನ್ನುವಾಗ, ಬ್ಯಾಂಕಿನಿಂದ ಸೂಚನೆ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬೀಳುವುದಿಲ್ಲ. ತಪ್ಪು ನಿಮ್ಮದು ಅಂತ ತೋರಿಸುವ ಹೊಣೆ ಬ್ಯಾಂಕಿನದು. "ನೀವೇ ಒಟಿಪಿ ಹೇಳಿರುತ್ತೀರಿ" ಅಂತ ಕೌಂಟರ್‌ನಲ್ಲಿ ಬಾಯಿಮಾತಿಗೆ ಹೇಳಿದರೆ ಎದ್ದು ಬರಬೇಡಿ, ಅದನ್ನೇ ಬರೆದುಕೊಡಿ ಅನ್ನಿ. ನಿಮ್ಮ ವಿಭಾಗದ ಸಿಇಎನ್ (ಸೈಬರ್ ಅಪರಾಧ ನೋಡಿಕೊಳ್ಳುವ) ಪೊಲೀಸ್ ಠಾಣೆಗೆ ಹೋಗುವಾಗ, ಸಿಮ್ ಯಾವಾಗ, ಯಾವ ಅಂಗಡಿಯಲ್ಲಿ ಬದಲಾಯಿತು ಅನ್ನುವ ವಿವರವನ್ನು ಆಪರೇಟರ್‌ನಿಂದ ಲಿಖಿತವಾಗಿ ಕೇಳಿ ಜೊತೆಗೆ ಒಯ್ಯಿರಿ. 30 ದಿನ ಕಳೆದರೂ ಬ್ಯಾಂಕ್ ಉತ್ತರ ಕೊಡದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಅದಕ್ಕೆ ಶುಲ್ಕ ಇಲ್ಲ.